ಬ್ಲ್ಯಾಕ್‌ಬೆರಿ ಸ್ಟಾರ್ಮ್: ಗೆದ್ದ ಕಂಪನಿಯ ತಡವರಿಕೆಯ ಫೋನು

ಫೋನಿನ ವಿಮರ್ಶೆಯನ್ನು ಅದು ಮಾರುಕಟ್ಟೆಗೆ ಬಂದ ವಾರದಲ್ಲೇ ಬರೆಯುವುದು ರೂಢಿ. ಆದರೆ 2008ರ ನವೆಂಬರಿನಲ್ಲಿ ಬಂದ ಬ್ಲ್ಯಾಕ್‌ಬೆರಿ ಸ್ಟಾರ್ಮ್ ಅನ್ನು ಈಗ ವಿಮರ್ಶಿಸುವುದೇ ಹೆಚ್ಚು ಉಪಯುಕ್ತ. ಹೆಸರು ಮಾಡಿದ ಉದ್ಯಮವೊಂದು ಹೊಸ ತಂತ್ರಜ್ಞಾನದ ಮುಂದೆ ಏಕೆ ತಡವರಿಸುತ್ತದೆ ಎಂಬುದು ಇದರಲ್ಲಿ ಕಾಣುವಷ್ಟು ನಿಚ್ಚಳವಾಗಿ ಬೇರೆಡೆ ಕಾಣುವುದು ಅಪರೂಪ.

ಇದರ ವಿಶೇಷವೂ ಮುಖ್ಯ ದೋಷವೂ ಒಂದೇ: 3.25 ಅಂಗುಲದ ಪರದೆ. ‘ಶ್ಯೂರ್‌ಪ್ರೆಸ್’ ಎಂದು ಕರೆಯಲಾದ ಈ ವ್ಯವಸ್ಥೆಯಲ್ಲಿ ಇಡೀ ಪರದೆಯೇ ಒಂದು ಗುಂಡಿ. ಅಕ್ಷರವನ್ನು ಮುಟ್ಟಿದರೆ ಅದು ಬೆಳಗುತ್ತದೆಯೇ ಹೊರತು ಮೂಡುವುದಿಲ್ಲ; ಮೂಡಬೇಕಾದರೆ ಗಾಜನ್ನು ಟಕ್ ಎನ್ನುವಂತೆ ಒತ್ತಿ, ಅದು ಮೇಲೆದ್ದ ಮೇಲೆ ಮುಂದಿನ ಅಕ್ಷರಕ್ಕೆ ಹೋಗಬೇಕು. ಎರಡು ಹೆಬ್ಬೆರಳುಗಳಿಂದ ಸರಸರನೆ ಟೈಪಿಸುವವರಿಗೆ ಇದು ಕಟ್ಟಿಹಾಕಿದಂತೆಯೇ ಸರಿ. ಫೋನನ್ನು ನೆಟ್ಟಗೆ ಹಿಡಿದರೆ ಒಂದು ಕೀಲಿಗೆ ಎರಡೆರಡು ಅಕ್ಷರಗಳು, ಅಡ್ಡ ಹಿಡಿದರೆ ಮಾತ್ರ ಪೂರ್ಣ ಕೀಲಿಮಣೆ. ವೈಫೈ ಇಲ್ಲ.

ತಯಾರಕರಾದ ಕೆನಡಾದ ರಿಸರ್ಚ್ ಇನ್ ಮೋಷನ್ ಸಂಸ್ಥೆಯವರು ಅಸಮರ್ಥರಾಗಿರಲಿಲ್ಲ. ಮೊಬೈಲ್ ಜಾಲಗಳು ಕಿರಿದಾಗಿದ್ದ ಕಾಲದಲ್ಲಿ ಇಮೇಲನ್ನು ಕುಗ್ಗಿಸಿ, ಸುರಕ್ಷಿತವಾಗಿ, ಬ್ಯಾಟರಿ ತಿನ್ನದಂತೆ ಜೇಬಿಗೆ ತಲುಪಿಸಿದವರು ಅವರೇ. ಆದರೆ ಆ ಜಾಣ್ಮೆಯ ಬೆಲೆ ನಿಂತಿದ್ದದ್ದು ಜಾಲದ ಕೊರತೆಯ ಮೇಲೆ. 3ಜಿ ಹರಡಿ, 2007ರ ಐಫೋನ್ ಪೂರ್ಣ ಬ್ರೌಸರನ್ನೇ ಕೈಗಿತ್ತಾಗ, ಉಳಿತಾಯದ ಕೌಶಲಕ್ಕಿಂತ ಧಾರಾಳವಾಗಿ ಬಳಸುವ ಸೌಕರ್ಯ ಮುಖ್ಯವಾಯಿತು. ಅಮೆರಿಕದಲ್ಲಿ ಐಫೋನ್ ಎಟಿ ಅಂಡ್ ಟಿ ಎಂಬ ಮೊಬೈಲ್ ಸೇವಾ ಕಂಪನಿಯೊಂದರ ಪಾಲಾಗಿದ್ದರಿಂದ ಅದಕ್ಕೊಂದು ಉತ್ತರ ಬೇಕಾಗಿದ್ದದ್ದು ಪ್ರತಿಸ್ಪರ್ಧಿ ವೆರೈಜನ್‌ಗೆ. ಸ್ಟಾರ್ಮ್ ಆ ದೊಡ್ಡ ಗ್ರಾಹಕನಿಗಾಗಿ ಸಿದ್ಧವಾದ ಉತ್ತರ. ಕೀಲಿಗಳ ಸ್ಪರ್ಶಕ್ಕೆ ಒಗ್ಗಿದ್ದ ಹಳೆಯ ಬಳಕೆದಾರರನ್ನೂ ಕೈಬಿಡಲು ಮನಸ್ಸಾಗದೆ, ಹೊಸ ಪರದೆಗೆ ಹಳೆಯ ಗುಂಡಿಯ ಅನುಭವವನ್ನು ತೊಡಿಸಲಾಯಿತು ಎಂದೇ ನನಗೆ ತೋರುತ್ತದೆ. ಗ್ರಾಹಕರ ಮಾತನ್ನು ಕೇಳದೆ ಕೆಟ್ಟವರಿದ್ದಾರೆ. ಇಲ್ಲಿ ಕೇಳಿಯೇ ಕೆಟ್ಟರು.

ಲೆಕ್ಕಪುಸ್ತಕವೂ ಎಚ್ಚರಿಸಲಿಲ್ಲ. 2007ರ ಹಣಕಾಸು ವರ್ಷದಲ್ಲಿ ಸುಮಾರು 300 ಕೋಟಿ ಡಾಲರ್ ಇದ್ದ ವರಮಾನ 2011ರ ಹೊತ್ತಿಗೆ ಸುಮಾರು 1,990 ಕೋಟಿಗೆ ಏರಿತ್ತು. ಹೀಗೆ ಏರುತ್ತಿರುವಾಗ, ಅಡಿಪಾಯವಾದ ಕಾರ್ಯಾಚರಣೆ ವ್ಯವಸ್ಥೆಯನ್ನೇ (ಆಪರೇಟಿಂಗ್ ಸಿಸ್ಟಂ) ಕಿತ್ತು ಹೊಸದಾಗಿ ಕಟ್ಟೋಣ ಎನ್ನುವವನ ಮಾತಿಗೆ ಯಾವ ಆಡಳಿತ ಮಂಡಳಿ ಕಿವಿಗೊಟ್ಟೀತು? ಹೊಸ ವ್ಯವಸ್ಥೆಗೆ ಬೇಕಾದ ಕ್ಯೂಎನ್‌ಎಕ್ಸ್ ಎಂಬ ತಂತ್ರಾಂಶ ಕಂಪನಿಯನ್ನು ಕೊಂಡದ್ದು 2010ರಲ್ಲಿ; ಅದರಿಂದ ಬ್ಲ್ಯಾಕ್‌ಬೆರಿ 10 ಹೊರಬಂದದ್ದು 2013ರ ಜನವರಿಯಲ್ಲಿ. ಅಷ್ಟರಲ್ಲಿ ಆ್ಯಪ್ ತಯಾರಕರು ಐಫೋನ್ ಮತ್ತು ಆಂಡ್ರಾಯ್ಡ್ ಕಡೆ ಹೊರಳಿದ್ದರು.

2009ರ ಸ್ಟಾರ್ಮ್ 2ರಲ್ಲಿ ವೈಫೈ ಬಂತು, ಪರದೆಯೂ ಸುಧಾರಿಸಿತು, ಒತ್ತುವ ಹಟ ಮಾತ್ರ ಹೋಗಲಿಲ್ಲ. ಹಳೆಯ ಬ್ಲ್ಯಾಕ್‌ಬೆರಿ ಫೋನುಗಳ ಸೇವೆಗಳು 2022ರ ಜನವರಿ 4ರಂದು ನಿಂತಿರುವುದರಿಂದ ಇಂದು ಇದನ್ನು ಬಳಕೆಗಾಗಿ ಕೊಳ್ಳುವ ಪ್ರಶ್ನೆಯಿಲ್ಲ. ಸಂಗ್ರಾಹಕರು ಈ ಕಂಪನಿಯ ಒಂದೇ ಫೋನನ್ನು ಇಟ್ಟುಕೊಳ್ಳುವುದಾದರೆ, ಅದೇ 2008ರಲ್ಲಿ ಬಂದ, ನಿಜವಾದ ಗುಂಡಿಗಳ ಕೀಲಿಮಣೆಯೂ ವೈಫೈಯೂ ಇರುವ ಬೋಲ್ಡ್ 9000 ಅನ್ನು ಆರಿಸಿಕೊಳ್ಳುವುದು ಒಳ್ಳೆಯದು.