ಪೆಪ್ಪರ್ ಸ್ಪ್ರೇ: ಕಲಬುರಗಿ ಬಿಸಿಲಿಗೆ ಎಷ್ಟು ತಾಳೀತು?

ವ್ಯಾನಿಟಿ ಬ್ಯಾಗಿನ ತಳದಲ್ಲಿ ಬಿದ್ದ ಸ್ಪ್ರೇ ಇದ್ದೂ ಇಲ್ಲದಂತೆ. ರಿಂಗ್ ರೋಡಿನಲ್ಲಿ ಬೈಕಿನವರು ಸರ ಕಿತ್ತುಕೊಂಡು ಹೋಗಲು ಎರಡು ಸೆಕೆಂಡೂ ಬೇಡ. ಅಲ್ಲಿ ಈ ಡಬ್ಬಿ ದಂಡ. ದಾರಿಗಡ್ಡ ನಿಂತು ಮೊಬೈಲ್ ಕೇಳುವವನಿಗಷ್ಟೇ ಇದು ಮದ್ದು.

ಮಂಜಿನಂತೆ ಹರಡುವುದಕ್ಕಿಂತ ಧಾರೆಯಾಗಿ ಚಿಮ್ಮುವುದೇ ವಾಸಿ, ಗಾಳಿಗೆ ನಮ್ಮ ಕಣ್ಣಿಗೇ ತಿರುಗುವುದು ಕಡಿಮೆ. ಲಾಕ್ ಹೆಬ್ಬೆರಳಿಗೆ ಸಿಗಬೇಕು. ತೋರುಬೆರಳಲ್ಲಿ ಒತ್ತಿದರೆ ಹಿಡಿತ ಸಡಿಲ. ಎರಡು ಮೀಟರ್ ದೂರದಿಂದ ಕಣ್ಣಿಗೆ ಒಂದು ಸೆಕೆಂಡ್ ಹೊಡೆದು ಪಕ್ಕಕ್ಕೆ ಸರಿದು ಓಡಿ, ಆಮೇಲೆ ತುರ್ತು ಸಂಖ್ಯೆ 112ಕ್ಕೆ ಕರೆ ಮಾಡಿ. ಹೊಡೆದೊಡನೆ ಅವನು ಕುಸಿಯುತ್ತಾನೆಂಬ ಭ್ರಮೆ ಬೇಡ. ಚಾಕು ಕಂಡರೆ ಮೊಬೈಲ್ ಕೊಟ್ಟುಬಿಡಿ.

ಮೇ ತಿಂಗಳಲ್ಲಿ ಬಿಸಿಲಿಗೆ ನಿಂತ ಕಾರಿನೊಳಗೆ 50 ಡಿಗ್ರಿ ದಾಟುತ್ತದೆ; ಅಲ್ಲಿಟ್ಟ ಡಬ್ಬಿ ಸೋರೀತು, ಸಿಡಿದರೂ ಸಿಡಿದೀತು.