ಸೋಮವಾರಕ್ಕೆ ಮೂರು ಸಾಲು: ರೋಸ್ಪ್ಯಾನ್, ಖಾಲಿ ಸೆಲ್, ಗ್ರಿಡ್

ವೆಬ್ ಪುಟಕ್ಕೆಂದು ಎಚ್‌ಟಿಎಂಎಲ್‌ನಲ್ಲಿ (ಪುಟ ಕಟ್ಟುವ ಭಾಷೆ) ಬರೆಯುತ್ತಿದ್ದ ವಾರದ ವೇಳಾಪಟ್ಟಿಯೊಂದರಲ್ಲಿ ‘ಸೋಮವಾರ’ ಎಂಬ ಸೆಲ್ ಮೂರು ಸಾಲುಗಳನ್ನು ಆವರಿಸಿ ನಿಲ್ಲಬೇಕಿತ್ತು. ಒಂದು ಸೆಲ್ ಎಷ್ಟು ಸಾಲು ಆವರಿಸಬೇಕೆಂದು ಹೇಳುವ ರೋಸ್ಪ್ಯಾನ್ ಹಳೆಯ ಕಾಲದ್ದೆಂದು ಮೂಗು ಮುರಿದು ಬೇರೆ ಎರಡು ದಾರಿ ಸುತ್ತಿ, ಕೊನೆಗೆ ಅದಕ್ಕೇ ಮರಳಿದೆ.

ಕೆಳಗಿನ ಎರಡು ಸೆಲ್‌ಗಳನ್ನು ಖಾಲಿ ಬಿಟ್ಟು ನಡುವಿನ ಗೆರೆ ಅಳಿಸುವುದು ಬರಿಯ ಕಣ್ಕಟ್ಟು. ಪರದೆಯನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಬಳಸುವವರಿಗೆ ಆ ಸಾಲುಗಳು ಯಾವ ದಿನದ್ದೆಂದು ತಿಳಿಯುವುದೇ ಇಲ್ಲ.

ಡಿವ್‌ಗಳನ್ನು (ಬರಿಯ ಪೆಟ್ಟಿಗೆಗಳನ್ನು) ಸಿಎಸ್‌ಎಸ್‌ನ, ಅಂದರೆ ಪುಟದ ನೋಟ ತಿದ್ದುವ ಭಾಷೆಯ, ಗ್ರಿಡ್ ಎಂಬ ಚೌಕಳಿ ವಿನ್ಯಾಸದಲ್ಲಿ ಕೂರಿಸಿ ‘ಸ್ಪ್ಯಾನ್ 3’ ಎಂದರೆ ನೋಟಕ್ಕೆ ಚೆಂದ, ಚಿಕ್ಕ ಪರದೆಗೂ ಸಲೀಸಾಗಿ ಬಗ್ಗುತ್ತದೆ. ಆದರೆ ಅದು ಟೇಬಲ್ ಅಲ್ಲ. ಸ್ಪ್ರೆಡ್‌ಶೀಟಿಗೆ ನಕಲು ಮಾಡಿದಾಗ ನನ್ನ ಇಡೀ ವಾರ ಒಂದೇ ಕಾಲಂನಲ್ಲಿ ಬಂದು ಬಿತ್ತು.

ರೋಸ್ಪ್ಯಾನ್‌ಗೂ ಒಂದು ಪೀಡೆಯಿದೆ. 3 ಎಂದು ಕೊಟ್ಟ ಮೇಲೆ ಮುಂದಿನ ಎರಡು ಸಾಲುಗಳಲ್ಲಿ ಆ ಸೆಲ್ ಬರೆಯಲೇಬಾರದು; ಜಾಗ ಆಗಲೇ ಮೇಲಿನವನ ವಶವಾಗಿರುತ್ತದೆ. ನಾನು ಕೈರೂಢಿಯಿಂದ ಖಾಲಿ ಟಿಡಿ (ಸೆಲ್‌ನ ಟ್ಯಾಗ್) ಒಂದನ್ನು ಇಟ್ಟೆ. ಉಳಿದವೆಲ್ಲ ಬಲಕ್ಕೆ ಸರಿದು, ಕೊನೆಯ ಸೆಲ್ ಟೇಬಲ್‌ನ ಅಂಚಿನಾಚೆಗೆ ಬಾಲದಂತೆ ಚಾಚಿಕೊಂಡಿತು. ಬ್ರೌಸರ್ ತಪ್ಪೆಂದು ಹೇಳುವುದಿಲ್ಲ, ಹೊಸ ಕಾಲಂ ಸೇರಿಸಿ ಸುಮ್ಮನಾಗುತ್ತದೆ. ಸಂಜೆಯೆಲ್ಲ ಸಿಎಸ್‌ಎಸ್‌ನಲ್ಲಿ ಅಗಲದ ತಪ್ಪನ್ನು ಹುಡುಕುತ್ತ ಕೂತಿದ್ದೆ.

ಅದನ್ನು ಸರಿಪಡಿಸಿದರೆ ಮತ್ತೊಂದು. ಮೊದಲ ಕಾಲಂ ದಪ್ಪಕ್ಷರದಲ್ಲಿರಲೆಂದು ಸಾಲಿನ ಮೊದಲ ಸೆಲ್ ಆರಿಸುವ ‘ಫಸ್ಟ್-ಚೈಲ್ಡ್’ ಬಳಸಿದ್ದೆ. ಎರಡನೆಯ ಸಾಲಿನಲ್ಲಿ ದಿನದ ಸೆಲ್ ಇಲ್ಲವಾದ್ದರಿಂದ ‘ಮೊದಲ ಮಗು’ ಎಂದರೆ ಸಮಯದ ಸೆಲ್! ಸಮಯಗಳೂ ದಪ್ಪಗಾದವು. ದಿನದ ಸೆಲ್‌ಗಳನ್ನು ಟಿಎಚ್ (ಶೀರ್ಷಿಕೆ ಸೆಲ್) ಮಾಡಿ, ಶೈಲಿಯನ್ನು ಆ ಟ್ಯಾಗ್‌ಗೇ ಕೊಟ್ಟಾಗ ಅದು ತೀರಿತು. ಈಗ ಪ್ರತಿ ದಿನಕ್ಕೂ ಒಂದೊಂದು ಟಿಬಾಡಿ (ಸಾಲುಗಳ ಗುಂಪು) ಇಡುತ್ತೇನೆ. ರೋಸ್ಪ್ಯಾನ್ ಅದರ ಗಡಿ ದಾಟುವುದಿಲ್ಲವಾದ್ದರಿಂದ ಎಣಿಕೆ ತಪ್ಪಿ ಹೆಚ್ಚು ಬರೆದರೂ ಸೋಮವಾರ ಮಂಗಳವಾರದ ಮೇಲೆ ಬೀಳುವುದಿಲ್ಲ. 0 ಎಂದು ಕೊಟ್ಟರೆ ಗುಂಪಿನ ಕೊನೆಯವರೆಗೆ ಎಂದು ನಿಯಮವಿದೆ, ಆದರೂ ನಾನು ಎಣಿಸಿಯೇ ಬರೆಯುವವನು.

ಕಾಲಂನ ಶೀರ್ಷಿಕೆ ಒತ್ತಿದರೆ ಸಾಲುಗಳ ಕ್ರಮ ಬದಲಾಗುವ ಟೇಬಲ್‌ಗೆ ಮಾತ್ರ ರೋಸ್ಪ್ಯಾನ್ ಬೇಡ. ಅಲ್ಲಿ ಪ್ರತಿ ಸಾಲಿನಲ್ಲೂ ಹೆಸರು ಬರೆಯುವುದೇ ಮೇಲು. ನನ್ನವು ಇಪ್ಪತ್ತು ಸಾಲು ಮೀರದ, ಕೈಯಿಂದಲೇ ಬರೆದ ಟೇಬಲ್‌ಗಳು; ರೋಸ್ಪ್ಯಾನ್ ಧಾರಾಳವಾಗಿ ಸಾಕು. ಬಿಟ್ಟ ಸೆಲ್‌ನ ಜಾಗದಲ್ಲಿ ‘ಮೇಲಿನದೇ’ ಎಂದು, ಪುಟದಲ್ಲಿ ಕಾಣದ ಒಂದು ಕಾಮೆಂಟ್ ಬರೆದಿಡುತ್ತೇನೆ. ಆಮೇಲೆ ಖಾಲಿ ಟಿಡಿ ನುಸುಳಿಲ್ಲ.