ಮಳೆಗಾಲದ ಪಂಚರ್: ಪ್ಯಾಚೋ, ಸೀಲೆಂಟೋ, ಲೈನರೋ, ಬದಲಿ ಟ್ಯೂಬೋ?

ಉಡುಪಿಯಲ್ಲಿ ಜೂನ್ ಹಿಡಿದರೆ ಸೆಪ್ಟೆಂಬರ್ ತನಕ ಸೈಕಲ್ಲಿನ ದೊಡ್ಡ ತಲೆನೋವು ಪಂಚರ್. ಒಣ ರಬ್ಬರಿನ ಮೇಲೆ ತಡೆದು ನಿಲ್ಲುವ ಗಾಜಿನ ಚೂರು ಒದ್ದೆ ರಬ್ಬರನ್ನು ಸಲೀಸಾಗಿ ಕೊಯ್ದುಬಿಡುತ್ತದೆ. ನೀರು ರಸ್ತೆಯ ಕಸವನ್ನೆಲ್ಲ ಅಂಚಿಗೆ ತಳ್ಳುತ್ತದೆ. ನಾವು ಸೈಕಲ್ ಬಿಡುವುದೂ ಆ ಅಂಚಿನಲ್ಲೇ. ಹೆದ್ದಾರಿ 66ರಲ್ಲಿ ಇದರ ಜೊತೆಗೆ ಒಡೆದ ಲಾರಿ ಟಯರಿನಿಂದ ಉದುರಿದ ಕೂದಲೆಳೆಯಷ್ಟು ಸಪೂರದ ಉಕ್ಕಿನ ತಂತಿಗಳು. ಮಲ್ಪೆಯಿಂದ ಮಣಿಪಾಲದವರೆಗಿನ ರಸ್ತೆಯಲ್ಲಿ, ಹೆದ್ದಾರಿಯಲ್ಲಿ ಕಾಪುವಿನ ಕಡೆಗೆ, ನಾನು ನಾಲ್ಕು ಉಪಾಯಗಳನ್ನೂ ಬಳಸಿ ನೋಡಿದ್ದೇನೆ.

ಸೊಲ್ಯೂಷನ್ ಹಚ್ಚಿ ಅಂಟಿಸುವ ಪ್ಯಾಚ್ ಮನೆಯಲ್ಲಿ ಮಾಡಿದರೆ ಇವತ್ತಿಗೂ ಎಲ್ಲಕ್ಕಿಂತ ಗಟ್ಟಿ. ದಾರಿಯಲ್ಲಿ, ಅದೂ ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ, ಅದನ್ನು ನಂಬಬೇಡಿ. ಟ್ಯೂಬನ್ನು ಉಜ್ಜಿ, ಸೊಲ್ಯೂಷನ್ ತೆಳ್ಳಗೆ ಹಚ್ಚಿ, ಬೆರಳಿಗೆ ಅಂಟದಷ್ಟು ಆರಿದ ಮೇಲೆ ಪ್ಯಾಚ್ ಒತ್ತಬೇಕು. ಬಸ್‌ಸ್ಟ್ಯಾಂಡಿನ ಮಾಡಿನಡಿ ನಿಂತು ಟ್ಯೂಬನ್ನು ಎಷ್ಟು ಒರೆಸಿದರೂ ಗಾಳಿಯಲ್ಲೇ ತೇವ ಇರುತ್ತದೆ. ಸೊಲ್ಯೂಷನ್ ಆರುವಾಗ ರಬ್ಬರ್ ತಣ್ಣಗಾಗಿ, ಅದರ ಮೇಲೆ ಕಣ್ಣಿಗೆ ಕಾಣದ ನೀರಿನ ಪೊರೆ ಕೂರುತ್ತದೆ. ಆಮೇಲೆ ಪ್ಯಾಚಿನ ಅಂಚು ಏಳಲು ಶುರು. ಸೊಲ್ಯೂಷನ್ ಬೇಡದ ಸ್ಟಿಕ್ಕರ್ ಪ್ಯಾಚ್ ಬೇಗ ಕೂರುತ್ತದೆ, ಆದರೆ ಅದರ ಕೆಲಸ ಮನೆ ತಲುಪಿಸುವಷ್ಟೇ.

ತೂತು ಮುಚ್ಚಲೆಂದು ಟ್ಯೂಬಿನೊಳಗೆ ಹಾಕುವ ದ್ರವ, ಸೀಲೆಂಟ್ ಬಗ್ಗೆ ನನಗೆ ಅರ್ಧ ಒಲವು, ಅರ್ಧ ಅಸಮಾಧಾನ. ಮುಳ್ಳಿನ, ತಂತಿಯ ಸಣ್ಣ ತೂತನ್ನು ಅದು ಓಡುತ್ತಿರುವಾಗಲೇ ಮುಚ್ಚುತ್ತದೆ. ಮಳೆಯಲ್ಲಿ ಇಳಿಯುವ ಕೆಲಸವೇ ಇಲ್ಲ. ಗಾಜು ಕೊಯ್ದರೆ ಮಾತ್ರ ದ್ರವವೆಲ್ಲ ಚಿಮ್ಮಿ ಖಾಲಿ. ಹಾಗೆ ನೆನೆದ ಟ್ಯೂಬಿಗೆ ಪ್ಯಾಚ್ ಕೂರಿಸುವುದೂ ಕಷ್ಟ. ಲೇಟೆಕ್ಸ್ ಸೀಲೆಂಟ್ ಕೆಲವು ತಿಂಗಳಲ್ಲಿ ಒಣಗುವುದರಿಂದ ಬೇಸಿಗೆಯಲ್ಲಿ ಹಾಕಿದ್ದನ್ನು ನೆಚ್ಚಿಕೊಂಡು ಮಳೆಗಾಲಕ್ಕೆ ಇಳಿಯುವ ಹಾಗಿಲ್ಲ. ಚಕ್ರ ಬಿಚ್ಚಲಾಗದ ಶಾಲೆಯ ಮಕ್ಕಳ ಸೈಕಲ್ಲಿಗೆ ಇದೇ ಸರಿ.

ಟಯರಿಗೂ ಟ್ಯೂಬಿಗೂ ನಡುವೆ ಹಾಕುವ ಲೈನರ್ ಪಟ್ಟಿ ಗಾಜಿಗೆ ಒಳ್ಳೆಯ ಉತ್ತರ. ಚಕ್ರ ತುಸು ಭಾರ ಅನಿಸುತ್ತದೆ, ಮಣಿಪಾಲದ ದಾರಿಯ ಇಂದ್ರಾಳಿ ಏರುವಾಗ ಅದು ಗೊತ್ತಾಗುತ್ತದೆ. ಪಟ್ಟಿಯ ಎರಡು ತುದಿ ಒಂದರ ಮೇಲೊಂದು ಕೂರುವ ಜಾಗದಲ್ಲಿ ಅದು ಟ್ಯೂಬನ್ನೇ ಉಜ್ಜಿ ತೂತು ಮಾಡುತ್ತದೆ; ತುದಿಗಳನ್ನು ಗುಂಡಗೆ ಕತ್ತರಿಸಿ ಬಟ್ಟೆಯ ಟೇಪ್ ಸುತ್ತಿಯೇ ಹಾಕಬೇಕು.

ಬದಲಿ ಟ್ಯೂಬಿಗೆ ಕೈ ಒದ್ದೆಯಾದರೂ ಅಡ್ಡಿಯಿಲ್ಲ. ಅದಕ್ಕೇ ನನ್ನ ಮಟ್ಟಿಗೆ ಮಳೆಯಲ್ಲಿ ಇದರ ಮುಂದೆ ಉಳಿದವು ನಿಲ್ಲುವುದಿಲ್ಲ. ಟಯರ್ ಬಿಚ್ಚುವ ಎರಡು ಲಿವರ್, ಒಂದು ಸಣ್ಣ ಪಂಪ್, ಪ್ಲಾಸ್ಟಿಕ್ ತೊಟ್ಟೆಯಲ್ಲಿ ಕಟ್ಟಿದ ಟ್ಯೂಬ್, ಒಂದು ಹತ್ತಿಯ ಚಿಂದಿ. ಚಿಂದಿಯನ್ನು ಮರೆಯಲೇಬಾರದು. ಟಯರಿನ ಒಳಮೈಯಲ್ಲಿ ಅದನ್ನು ಸುತ್ತ ಎಳೆದರೆ ಕಣ್ಣಿಗೆ ಕಾಣದ ತಂತಿಗೆ ನೂಲು ಸಿಕ್ಕಿಕೊಳ್ಳುತ್ತದೆ. ತಂತಿಯನ್ನು ಕೀಳದೆ ಹೊಸ ಟ್ಯೂಬ್ ಹಾಕಿದರೆ ಅದೂ ಹೋಯಿತೆಂದೇ ಲೆಕ್ಕ. ಒಳಗೆ ಮೆತ್ತಿದ ಕೆಂಪು ಮರಳನ್ನೂ ಅದರಲ್ಲೇ ಒರೆಸಿ. ತೂತು ಎಲ್ಲಿದೆ ಎಂದು ನೋಡಲು ಬಕೆಟ್ ಬೇಡ, ಪಕ್ಕದ ಹೊಂಡದ ನೀರೇ ಸಾಕು.

ಹಿಡಿತಕ್ಕಾಗಿ ಮಳೆಯಲ್ಲಿ ಗಾಳಿ ಇಳಿಸುವವರಿಗೆ ಒಂದು ಮಾತು. ತುಸು ಇಳಿಸಿ, ಹೆಚ್ಚಲ್ಲ. ನೀರಿನಡಿ ಅಡಗಿದ ಹೊಂಡದ ಅಂಚಿಗೆ ಚಕ್ರ ಬಡಿದರೆ ರಿಮ್ಮು ಟ್ಯೂಬನ್ನು ಚಿವುಟಿ ಅಕ್ಕಪಕ್ಕ ಎರಡು ತೂತು ಮಾಡುತ್ತದೆ. ಲೈನರ್, ಸೀಲೆಂಟ್ ಯಾವುದೂ ಅದಕ್ಕೆ ಆಗಿಬರುವುದಿಲ್ಲ.

ನನ್ನ ಸೈಕಲ್ಲಿಗೆ ಈಗ ಹಿಂದಿನ ಚಕ್ರಕ್ಕೆ ಮಾತ್ರ ಲೈನರ್, ಏಕೆಂದರೆ ಹೆಚ್ಚು ಭಾರ ಬೀಳುವುದೂ ಬಿಚ್ಚಲು ಕಷ್ಟವಾಗುವುದೂ ಅದೇ. ಚೀಲದಲ್ಲಿ ಬದಲಿ ಟ್ಯೂಬ್. ತೂತಾದದ್ದನ್ನು ಮನೆಗೆ ತಂದು, ರಾತ್ರಿ ಒಣಗಿಸಿ, ಮರುದಿನ ಪ್ಯಾಚ್ ಹಾಕಿದರೆ ಮುಂದಿನ ಸಲಕ್ಕೆ ಅದೇ ಬದಲಿ.